ಆ ಮೆಸೇಜ್ ಓಪನ್ ಮಾಡಿದರೆ ಫೋನ್ ಸತ್ತುಹೋಗುತ್ತಾ? ತನ್ನನ್ನೇ ನಕಲು ಮಾಡಿಕೊಳ್ಳುವ ಪ್ರೋಗ್ರಾಂಗಳ ಬಗ್ಗೆ ತಿಳಿಯಬೇಕಾದ್ದು

‘ಡ್ಯಾನ್ಸ್ ಆಫ್ ದಿ ಹಿಲರಿ’ ಎಂಬ ಹೆಸರಿನ ವಿಡಿಯೊ ಬಂದರೆ ತೆರೆಯಬೇಡಿ, ಅದೊಂದು ವೈರಸ್, ತೆರೆದ ಕೂಡಲೇ ಮೊಬೈಲ್ ಫಾರ್ಮ್ಯಾಟ್ ಆಗಿಬಿಡುತ್ತದೆ, ಈ ವಿಷಯವನ್ನು ನಿಮ್ಮ ಎಲ್ಲ ಕಾಂಟ್ಯಾಕ್ಟ್‌ಗಳಿಗೂ ತಿಳಿಸಿ. ಇಂಥ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ವರ್ಷಗಳಿಂದ ಓಡಾಡುತ್ತಿರುವ ಈ ಫಾರ್ವರ್ಡ್ 2025ರ ಮೇ ತಿಂಗಳಲ್ಲಿ, ಭಾರತ ಮತ್ತು ಪಾಕಿಸ್ತಾನದ ನಡುವೆ ಸಂಘರ್ಷ ನಡೆಯುತ್ತಿದ್ದಾಗ, ಪಾಕಿಸ್ತಾನದ ಹ್ಯಾಕರ್‌ಗಳ ಕೈವಾಡ ಎಂಬ ಹೊಸ ಒಗ್ಗರಣೆಯೊಂದಿಗೆ ಮತ್ತೆ ಬಂತು. ವಿಜಯನಗರದ ಫ್ಯಾಮಿಲಿ ಗ್ರೂಪ್ ಇರಲಿ, ಬಸವೇಶ್ವರನಗರದ ಅಪಾರ್ಟ್‌ಮೆಂಟ್ ಗ್ರೂಪ್ ಇರಲಿ, ಕೆಂಗೇರಿ ಉಪನಗರದ ಬೆಳಗಿನ ವಾಕಿಂಗ್ ಗ್ರೂಪ್ ಇರಲಿ, ಇದನ್ನು ಹಾಕುವ ಒಬ್ಬ ದೊಡ್ಡಪ್ಪನೋ ಅತ್ತೆಯೋ ಎಲ್ಲ ಕಡೆ ಇದ್ದೇ ಇರುತ್ತಾರೆ. ಅವರ ಉದ್ದೇಶ ಒಳ್ಳೆಯದೇ.

ಮೊದಲು ಉತ್ತರ ಹೇಳಿಬಿಡುತ್ತೇವೆ. ಸಂದೇಶದಲ್ಲಿ ವಿವರಿಸಿರುವ ಹಾಗೆ ಮೊಬೈಲನ್ನು ಫಾರ್ಮ್ಯಾಟ್ ಮಾಡುವ ಅಂಥ ವಿಡಿಯೊ ಇಲ್ಲ. ಅದು ಸುಳ್ಳು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ವಿಷಯ ಹೇಳಿದಂತಾಗುತ್ತದೆ. ಯಾಕೆಂದರೆ ತನ್ನನ್ನು ತಾನೇ ನಕಲು ಮಾಡಿಕೊಂಡು, ಆ ನಕಲುಗಳ ಭಾರಕ್ಕೇ ಕಂಪ್ಯೂಟರನ್ನು ನೆಲ ಕಚ್ಚಿಸುವ ಪ್ರೋಗ್ರಾಂಗಳು ನಿಜಕ್ಕೂ ಇವೆ. ಅವು ಮೊಬೈಲ್ ಫೋನ್‌ಗಿಂತ ಹಳೆಯವು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಫೋನ್‌ಗಳಿಗೂ ಬಂದಿವೆ. ಜೊತೆಗೆ, ಮೇಲಿನ ಎಚ್ಚರಿಕೆಯ ಸಂದೇಶವೂ ಅದೇ ಜಾತಿಗೆ ಸೇರಿದ್ದು. ಹೇಗೆ ಎಂದು ಒಂದೊಂದಾಗಿ ನೋಡೋಣ.

ಕಂಪ್ಯೂಟರ್ ಒಳಗೆ ಒಂದು ದರ್ಶಿನಿ

ಕಂಪ್ಯೂಟರ್ ಅಥವಾ ಫೋನ್‌ನಲ್ಲಿ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂ ಅನ್ನು ‘ಪ್ರಾಸೆಸ್’ ಎನ್ನುತ್ತಾರೆ. ನೀವು ಒಂದೇ ಆ್ಯಪ್ ತೆರೆದಿದ್ದರೂ ಹಿಂದೆ ನೂರಾರು ಪ್ರಾಸೆಸ್‌ಗಳು ನಡೆಯುತ್ತಿರುತ್ತವೆ. ಗಡಿಯಾರ ನಡೆಸುವುದು ಒಂದು, ವೈಫೈ ಹುಡುಕುವುದು ಇನ್ನೊಂದು, ಕೀಬೋರ್ಡ್ ಮತ್ತೊಂದು. ಇವಕ್ಕೆಲ್ಲ ಕೆಲಸ ಮಾಡಿಕೊಡುವ ಪ್ರಾಸೆಸರ್ ಒಂದೇ ಸಲಕ್ಕೆ ನಿಭಾಯಿಸಬಲ್ಲದ್ದು ಕೆಲವನ್ನು ಮಾತ್ರ. ಹಾಗಾಗಿ ಅದು ಪ್ರತಿಯೊಂದಕ್ಕೂ ಸೆಕೆಂಡಿನ ಸಣ್ಣ ಚೂರಿನಷ್ಟು ಸಮಯ ಕೊಟ್ಟು ಮುಂದಿನದಕ್ಕೆ ಹೋಗುತ್ತದೆ. ಇದು ಎಷ್ಟು ಬೇಗ ನಡೆಯುತ್ತದೆಂದರೆ ಎಲ್ಲವೂ ಒಟ್ಟಿಗೆ ನಡೆಯುತ್ತಿವೆ ಎಂದೇ ನಮಗೆ ಅನ್ನಿಸುತ್ತದೆ.

ರಾಜಾಜಿನಗರದ ಯಾವುದಾದರೂ ದರ್ಶಿನಿಯನ್ನು ಬೆಳಗ್ಗೆ ಒಂಬತ್ತು ಗಂಟೆಗೆ ನೆನಪಿಸಿಕೊಳ್ಳಿ. ಕ್ಯಾಷಿಯರ್ ಟೋಕನ್ ಕೊಡುತ್ತಾರೆ. ಕೌಂಟರಿನಲ್ಲಿರುವವರು ಒಂದೊಂದೇ ಟೋಕನ್ ನೋಡಿ ಇಡ್ಲಿಯೋ ಖಾರಾಬಾತೋ ಕೊಡುತ್ತಾರೆ. ಜನ ಎಷ್ಟೇ ಇದ್ದರೂ ಹೇಗೋ ನಡೆಯುತ್ತದೆ. ಈಗ ಒಬ್ಬ ವಿಚಿತ್ರ ಗಿರಾಕಿ ಬಂದ ಎಂದುಕೊಳ್ಳಿ. ಅವನಿಗೆ ತಿಂಡಿ ಬೇಡ. ಟೋಕನ್ ತಗೊಂಡು, ತನ್ನಂಥದೇ ಇನ್ನಿಬ್ಬರನ್ನು ಕರೆದು ಕ್ಯೂನಲ್ಲಿ ನಿಲ್ಲಿಸುತ್ತಾನೆ. ಅವರು ತಲಾ ಇಬ್ಬರನ್ನು ಕರೆಯುತ್ತಾರೆ. ಆ ನಾಲ್ವರೂ ಹಾಗೇ. ಯಾರೂ ಜಗಳ ಮಾಡುತ್ತಿಲ್ಲ, ಯಾರೂ ಲೋಟ ಒಡೆಯುತ್ತಿಲ್ಲ, ಕಳ್ಳತನವೂ ಇಲ್ಲ. ಆದರೂ ಐದು ನಿಮಿಷದಲ್ಲಿ ಹೋಟೆಲ್ ನಿಂತುಹೋಗುತ್ತದೆ. ಕೌಂಟರಿನವರ ಇಡೀ ಸಮಯ ಟೋಕನ್ ನೋಡುವುದರಲ್ಲೇ ಕಳೆಯುತ್ತದೆ, ನಿಜವಾಗಿ ಹಸಿದವನಿಗೆ ಟೋಕನ್ನೇ ಸಿಗುವುದಿಲ್ಲ.

ಕಂಪ್ಯೂಟರ್ ಲೋಕದಲ್ಲಿ ಈ ಗಿರಾಕಿಯ ಹೆಸರು ‘ಫೋರ್ಕ್ ಬಾಂಬ್’. ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಒಂದು ಪ್ರಾಸೆಸ್ ತನ್ನ ನಕಲನ್ನು ಹುಟ್ಟಿಸಲು ಕೊಡುವ ಆಜ್ಞೆಗೆ ‘ಫೋರ್ಕ್’ ಎನ್ನುತ್ತಾರೆ. ದಾರಿ ಕವಲೊಡೆಯುವುದು ಎಂಬ ಅರ್ಥದಲ್ಲಿ. ಹೆಸರಿನಲ್ಲಿ ಬಾಂಬ್ ಇದ್ದರೂ ಫೋರ್ಕ್ ಮೂಲದಲ್ಲಿ ಕೆಟ್ಟದ್ದಲ್ಲ, ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ದಿನವಿಡೀ ಇದೇ ರೀತಿಯಲ್ಲಿ ಹೊಸ ಪ್ರಾಸೆಸ್‌ಗಳು ಹುಟ್ಟುತ್ತಿರುತ್ತವೆ. ಹುಟ್ಟಿದ ಮರಿ ಬೇರೇನೂ ಮಾಡದೆ ಮತ್ತೆ ಮರಿ ಹಾಕುವುದನ್ನೇ ಕಸುಬು ಮಾಡಿಕೊಂಡಾಗ ಮಾತ್ರ ತೊಂದರೆ. ಹಳೆಯ ಕಂಪ್ಯೂಟರ್ ಮಂದಿ ಇಂಥ ಪ್ರೋಗ್ರಾಂಗೆ ‘ರ‍್ಯಾಬಿಟ್’, ಅಂದರೆ ಮೊಲ, ಎಂದೂ ಹೆಸರಿಟ್ಟಿದ್ದರು.

ಇದನ್ನು ಬರೆಯಲು ದೊಡ್ಡ ವಿದ್ಯೆ ಬೇಕಿಲ್ಲ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 2002ರಲ್ಲಿ ಜಾರೋಮಿಲ್ ಎಂಬ ಹೆಸರಿನಿಂದ ಗುರುತಿಸಿಕೊಂಡಿರುವ ಇಟಲಿಯ ಪ್ರೋಗ್ರಾಮರ್ ಇದನ್ನೊಂದು ಕಲಾಕೃತಿಯಾಗಿ ಪ್ರಕಟಿಸಿದರು. ಖಾಲಿ ಜಾಗವೂ ಸೇರಿ ಒಟ್ಟು 13 ಚಿಹ್ನೆಗಳು. ಒಂದೇ ಒಂದು ಅಕ್ಷರವಿಲ್ಲ, ಒಂದು ಅಂಕಿಯೂ ಇಲ್ಲ. ಬರೀ ಕಂಸ, ಕೋಲನ್, ಗೀಟು. ನೋಡಿದರೆ ಮಗು ಕೀಬೋರ್ಡ್ ಮೇಲೆ ಕೈ ಬಡಿದ ಹಾಗಿದೆ.

ಹದಿನೈದು ಹೆಜ್ಜೆ ಸಾಕು

ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುವ ಲೆಕ್ಕ ನಮಗೆ ಗೊತ್ತಿರುವುದೇ. ಆದರೆ ಮನಸ್ಸಿಗೆ ಇದು ಅಷ್ಟು ಸುಲಭವಾಗಿ ಹಿಡಿಸುವುದಿಲ್ಲ. ಇಡ್ಲಿ ಹಿಟ್ಟು ರುಬ್ಬಿಟ್ಟ ರಾತ್ರಿ ಮಲಗುವಾಗ ಪಾತ್ರೆ ಅರ್ಧ ಖಾಲಿ ಕಾಣುತ್ತದೆ. ಬೆಳಗ್ಗೆ ಎದ್ದರೆ ಹಿಟ್ಟು ಮುಚ್ಚಳ ತಳ್ಳಿಕೊಂಡು ಕಟ್ಟೆ ಮೇಲೆ ಹರಿದಿರುತ್ತದೆ. ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ದ್ವಿಗುಣಗೊಳ್ಳುತ್ತಾ ಹೋದದ್ದರ ಫಲ ಅದು. ಬಹಳ ಹೊತ್ತು ಏನೂ ಆಗಿಲ್ಲ ಅನ್ನಿಸುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಆಗುತ್ತದೆ.

ಲಿನಕ್ಸ್‌ನಲ್ಲಿ ಪ್ರತಿ ಪ್ರಾಸೆಸ್‌ಗೂ ಒಂದು ನಂಬರ್ ಕೊಡುತ್ತಾರೆ. ಬಹುಕಾಲ ಈ ನಂಬರ್‌ಗಳ ಸಾಮಾನ್ಯ ಮಿತಿ 32,768 ಆಗಿತ್ತು. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದರಿಂದ ಹೊರಟು ದ್ವಿಗುಣ ಮಾಡುತ್ತಾ ಹೋದರೆ 15ನೇ ಹೆಜ್ಜೆಗೆ ಸರಿಯಾಗಿ 32,768 ತಲುಪುತ್ತೀರಿ. ಒಂದು ಹೆಜ್ಜೆಗೆ ಸೆಕೆಂಡಿನ ನೂರನೇ ಒಂದು ಭಾಗ ಹಿಡಿಯಿತು ಎಂದರೂ ಒಟ್ಟು ಕಾಲು ಸೆಕೆಂಡ್ ಬೇಕಿಲ್ಲ. ನಿಜವಾದ ಯಂತ್ರದಲ್ಲಿ ಇಷ್ಟು ನೇರವಾಗಿ ನಡೆಯುವುದಿಲ್ಲ, ಸಂಖ್ಯೆ ಹೆಚ್ಚುತ್ತಾ ಹೋದಂತೆ ವೇಗ ಕುಂಟುತ್ತದೆ. ಹಾಗೆ ಕುಂಟುವುದೇ ಈ ಬಾಂಬ್ ಮಾಡುವ ಹಾನಿ. ಮೌಸ್ ಅಲ್ಲಾಡುವುದಿಲ್ಲ, ಕೀಬೋರ್ಡ್ ಒತ್ತಿದರೆ ಅಕ್ಷರ ಬರುವುದಿಲ್ಲ.

‘ಹಾಗಾದರೆ ಒಂದೊಂದನ್ನೇ ಬಂದ್ ಮಾಡಿದರಾಯಿತಲ್ಲ’ ಎಂದು ನೀವು ಕೇಳಬಹುದು. ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಪ್ರಾಸೆಸ್ ಬಂದ್ ಮಾಡುವ ಸಾಧನವೂ ಸಾಮಾನ್ಯವಾಗಿ ಒಂದು ಪ್ರಾಸೆಸ್ಸೇ. ಅದಕ್ಕೂ ಟೋಕನ್ ಬೇಕು, ಟೋಕನ್ ಮುಗಿದಿದೆ. ಎರಡನೆಯದನ್ನು ನಮ್ಮ ಪುರಾಣ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ದೇವಿ ಮಾಹಾತ್ಮ್ಯದ ರಕ್ತಬೀಜಾಸುರನನ್ನು ನೆನಪಿಸಿಕೊಳ್ಳಿ. ಅವನ ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಾಗಲೂ ಅವನಂಥ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಕಡಿದಷ್ಟೂ ಜಾಸ್ತಿ. ಫೋರ್ಕ್ ಬಾಂಬ್‌ನಲ್ಲೂ ಒಂದನ್ನು ಕೊಂದರೆ ಒಂದು ಜಾಗ ಖಾಲಿಯಾಗುತ್ತದೆ, ಆ ಖಾಲಿ ಜಾಗಕ್ಕಾಗಿ ಸಾವಿರಾರು ಪ್ರಾಸೆಸ್‌ಗಳು ಕಾಯುತ್ತಿರುತ್ತವೆ.

ಅಸುರನನ್ನು ಮುಗಿಸಲು ಕಾಳಿ ಮಾಡಿದ್ದೇನು? ರಕ್ತ ನೆಲಕ್ಕೆ ಬೀಳದಂತೆ ನಾಲಿಗೆ ಚಾಚಿದಳು. ಮೊದಲು ಹುಟ್ಟು ನಿಲ್ಲಿಸಿ, ಆಮೇಲೆ ವಧೆ. ಸಿಸ್ಟಂ ಅಡ್ಮಿನ್‌ಗಳು ಕಲಿತಿರುವ ಉಪಾಯವೂ ಇದೇ. ಮೊದಲು ಆ ಹೆಸರಿನ ಎಲ್ಲ ಪ್ರಾಸೆಸ್‌ಗಳಿಗೂ ‘ಇದ್ದಲ್ಲೇ ನಿಲ್ಲು’ ಎಂಬ ಸೂಚನೆ ಕಳಿಸಬೇಕು. ನಿಂತ ಪ್ರಾಸೆಸ್ ಜಾಗ ಬಿಟ್ಟುಕೊಡುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ. ಎಲ್ಲವೂ ನಿಂತ ಮೇಲೆ ಕೊಲ್ಲುವ ಸೂಚನೆ. ಇದೂ ಆಗದಿದ್ದರೆ ಪವರ್ ಬಟನ್ ಇದ್ದೇ ಇದೆ. ಫೋರ್ಕ್ ಬಾಂಬ್ ಡಿಸ್ಕ್‌ನಲ್ಲಿ ಏನನ್ನೂ ಅಳಿಸುವುದಿಲ್ಲ, ಆಫ್ ಮಾಡಿ ಆನ್ ಮಾಡಿದರೆ ಹೋಗಿರುತ್ತದೆ. ಸೇವ್ ಮಾಡದ ಕೆಲಸ ಮಾತ್ರ ಹೋಗುತ್ತದೆ.

ಇದಕ್ಕಿಂತ ಒಳ್ಳೆಯದು ಮೊದಲೇ ಮಿತಿ ಹಾಕುವುದು. ಒಬ್ಬ ಬಳಕೆದಾರ ಒಟ್ಟು ಇಷ್ಟೇ ಪ್ರಾಸೆಸ್ ನಡೆಸಬಹುದು ಎಂದು ಅಡ್ಮಿನ್ ಒಂದು ಸಾಲಿನಲ್ಲಿ ನಿಯಮ ಬರೆದಿಟ್ಟರೆ, ಬಾಂಬ್ ಆ ಸಂಖ್ಯೆಗೆ ಬಂದು ನಿಂತುಬಿಡುತ್ತದೆ. ಪ್ರೋಗ್ರಾಂ ಒಳ್ಳೆಯದೋ ಕೆಟ್ಟದ್ದೋ ಎಂದು ಈ ನಿಯಮ ವಿಚಾರಿಸುವುದಿಲ್ಲ. ಎಣಿಸುತ್ತದೆ, ಅಷ್ಟೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಫೋನ್‌ಗೆ ಹೀಗೆ ಆಗುತ್ತಾ?

ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಬುನಾದಿಯ ಮೇಲೆಯೇ. ಆದರೆ ಅದರಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಕೋಣೆ, ಪ್ರತಿ ಆ್ಯಪ್ ಕೂಡ ಬೇರೆ ಬಳಕೆದಾರ ಎಂಬ ಲೆಕ್ಕ. ಮೆಮೊರಿ ಸಾಲದಾದಾಗ ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಸಿಸ್ಟಂ ತಾನೇ ಮುಚ್ಚುತ್ತದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ, ಆ್ಯಪ್‌ಗಳು ಹಿಂದಿನಿಂದ ಹುಟ್ಟಿಸುವ ಮರಿ ಪ್ರಾಸೆಸ್‌ಗಳಿಗೆ 32ರ ಮಿತಿಯನ್ನೂ ಹಾಕಿದ್ದಾರೆ. ಹಾಗಾಗಿ ವಾಟ್ಸಾಪ್‌ನಲ್ಲಿ ಬಂದ ಒಂದು ವಾಕ್ಯ ಓದಿದ್ದಕ್ಕೆ ನಿಮ್ಮ ಫೋನ್ ಒಳಗೆ ಫೋರ್ಕ್ ಬಾಂಬ್ ಸಿಡಿಯುವುದಿಲ್ಲ.

ಮೆಸೇಜ್ ಬಂದು ಫೋನ್ ಕ್ರ್ಯಾಶ್ ಆದ ಪ್ರಸಂಗಗಳೇ ಇಲ್ಲವೇ ಎಂದರೆ, ಇವೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಬಂದರೆ ಐಫೋನ್‌ಗಳಲ್ಲಿ ಮೆಸೇಜ್ ಆ್ಯಪ್ ಕುಸಿಯುತ್ತಿತ್ತು. ಆ ಒತ್ತಕ್ಷರವನ್ನು ಪರದೆಯ ಮೇಲೆ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ದೋಷವಿತ್ತು. ಆಪಲ್ ಕಂಪನಿ ಫೆಬ್ರವರಿ 19ರಂದು ಐಒಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು. ಅಕ್ಷರಕ್ಕೆ ವೈರಸ್ ಹತ್ತಿರಲಿಲ್ಲ, ಅದು ತನ್ನನ್ನು ತಾನು ನಕಲು ಮಾಡಿಕೊಳ್ಳುತ್ತಲೂ ಇರಲಿಲ್ಲ. ತಮಾಷೆಗೆಂದು ಗೆಳೆಯರಿಗೆ ಕಳಿಸಿದವರು ಮನುಷ್ಯರು. (ಆ ಒಂದು ವಾರ ‘ಜ್ಞಾನ’ ಎಂಬ ಪದವೇ ಅಪಾಯಕಾರಿ ಎಂಬ ಜೋಕ್ ತೆಲುಗರ ಕೈಗೆ ಸಿಕ್ಕಿತು ಅನ್ನಿ.)

ಒಂದು ಯಂತ್ರದಿಂದ ಇನ್ನೊಂದಕ್ಕೆ

ಫೋರ್ಕ್ ಬಾಂಬ್ ಒಂದೇ ಯಂತ್ರದೊಳಗೆ ಉಕ್ಕುತ್ತದೆ. ನಕಲು ಯಂತ್ರದಿಂದ ಯಂತ್ರಕ್ಕೆ ದಾಟಲು ಕಲಿತರೆ ಅದಕ್ಕೆ ‘ವರ್ಮ್’, ಅಂದರೆ ಹುಳು, ಎನ್ನುತ್ತಾರೆ.

1987ರ ಡಿಸೆಂಬರ್‌ನಲ್ಲಿ ಜರ್ಮನಿಯ ಕ್ಲೌಸ್ಟಾಲ್ ವಿಶ್ವವಿದ್ಯಾಲಯದಿಂದ ಹೊರಟ ಒಂದು ಶುಭಾಶಯ ನಮ್ಮ ಫಾರ್ವರ್ಡ್‌ಗಳ ತಾತ ಎನ್ನಬಹುದು. ಅದನ್ನು ಚಾಲೂ ಮಾಡಿದರೆ ಪರದೆಯ ಮೇಲೆ ಕ್ರಿಸ್‌ಮಸ್ ಮರದ ಚಿತ್ರ ಬರುತ್ತಿತ್ತು. ಬಳಕೆದಾರ ಮರ ನೋಡುತ್ತಿರುವಾಗ ಅದು ಅವನ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ನಕಲನ್ನು ಕಳಿಸುತ್ತಿತ್ತು. ಪರಿಚಯದವರಿಂದ ಬಂದದ್ದಲ್ಲವೇ ಎಂದು ಅವರೂ ಚಾಲೂ ಮಾಡುತ್ತಿದ್ದರು. ಐಬಿಎಂ ಕಂಪನಿಯ ಒಳ ಜಾಲವೇ ಈ ಮರದ ಭಾರಕ್ಕೆ ಸ್ತಬ್ಧವಾಯಿತು. ಹೊಸ ವರ್ಷಕ್ಕೆ, ದೀಪಾವಳಿಗೆ ‘ನೀಲಿ ಗೆರೆ ಮುಟ್ಟಿ, ಮ್ಯಾಜಿಕ್ ನೋಡಿ’ ಎಂದು ಬರುವ ಲಿಂಕ್‌ಗಳನ್ನು ಕಂಡಾಗ ನಮಗೆ ಈ ಮರ ನೆನಪಾಗುತ್ತದೆ.

ಮರುವರ್ಷ, 1988ರ ನವೆಂಬರ್ 2ರಂದು, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ಹುಳು ಇನ್ನೂ ದೊಡ್ಡ ಪಾಠ ಕಲಿಸಿತು. ಅವನ ಪ್ರೋಗ್ರಾಂ ಇಂಟರ್‌ನೆಟ್‌ನ ಕಂಪ್ಯೂಟರ್‌ಗಳಿಗೆ ಸದ್ದಿಲ್ಲದೆ ಹರಡಬೇಕಿತ್ತು. ಹೊಸ ಯಂತ್ರ ಹೊಕ್ಕ ಕೂಡಲೇ ‘ಇಲ್ಲಿ ನನ್ನ ನಕಲು ಆಗಲೇ ಇದೆಯೇ?’ ಎಂದು ಅದು ಕೇಳುತ್ತಿತ್ತು. ಇದೆ ಎಂಬ ಉತ್ತರ ಬಂದರೆ ಹಿಂದೆ ಸರಿಯಬೇಕು. ಆದರೆ ಜಾಣ ಅಡ್ಮಿನ್‌ಗಳು ಸುಳ್ಳೇ ‘ಇದೆ’ ಎಂದುಬಿಟ್ಟರೆ? ಆ ಅನುಮಾನಕ್ಕೆ ಮಾರಿಸ್ ಒಂದು ನಿಯಮ ಸೇರಿಸಿದ: ಏಳು ಸಲದಲ್ಲಿ ಒಂದು ಸಲ, ಉತ್ತರ ಏನೇ ಇದ್ದರೂ ಅಲ್ಲೇ ಉಳಿದುಬಿಡು.

ಏಳರಲ್ಲಿ ಒಂದು. ಅವನಿಗೆ ಅದು ಸಣ್ಣ ಸಂಖ್ಯೆ ಅನ್ನಿಸಿರಬೇಕು. ಆದರೆ ಹುಳುಗಳು ಒಂದೇ ಯಂತ್ರದ ಬಾಗಿಲನ್ನು ಮತ್ತೆ ಮತ್ತೆ ಬಡಿಯುತ್ತಿದ್ದವು, ಏಳಕ್ಕೊಂದರಂತೆ ಉಳಿದುಕೊಂಡವು. ಯಂತ್ರದೊಳಗೆ ನಕಲುಗಳು ರಾಶಿ ಬಿದ್ದು, ಕಡೆಗೆ ಎಲ್ಲವೂ ಫೋರ್ಕ್ ಬಾಂಬ್ ತಿಂದಂತೆ ಮಲಗಿಬಿಟ್ಟವು. ಆಗ ಇಂಟರ್‌ನೆಟ್‌ನಲ್ಲಿದ್ದದ್ದು ಸುಮಾರು 60,000 ಕಂಪ್ಯೂಟರ್‌ಗಳು, ಅವುಗಳಲ್ಲಿ ಹತ್ತನೇ ಒಂದು ಭಾಗ, ಸುಮಾರು 6,000, ಸೋಂಕಿಗೆ ಸಿಕ್ಕವು ಎಂಬುದು ಆಗಿನ ಅಂದಾಜು. ಒಂದು ಫೈಲ್ ಕೂಡ ಅಳಿಸಿರಲಿಲ್ಲ. ಮಾರಿಸ್‌ಗೆ ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮಾಜಸೇವೆ ಮತ್ತು ದಂಡ ಬಿತ್ತು. ಮುಂದೆ ಆತ ಎಂಐಟಿಯಲ್ಲಿ ಪ್ರೊಫೆಸರ್ ಆದರು. ಈ ಘಟನೆಯ ಬೆನ್ನಿಗೇ ಅಮೆರಿಕದಲ್ಲಿ ಮೊದಲ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಹುಟ್ಟಿತು. ಭಾರತದಲ್ಲಿ ಅದೇ ಕೆಲಸ ಮಾಡುವ ‘ಸರ್ಟ್-ಇನ್’ 2004ರಿಂದ ಇದೆ.

2003ರ ಜನವರಿ 25ರ ‘ಸ್ಲ್ಯಾಮರ್’ ಹುಳುವಿನ ಗಾತ್ರ ಬರೀ 376 ಬೈಟ್. ಶುರುವಿನಲ್ಲಿ ಅದು ಎಂಟೂವರೆ ಸೆಕೆಂಡಿಗೊಮ್ಮೆ ದ್ವಿಗುಣಗೊಂಡಿತು, ಹತ್ತು ನಿಮಿಷದಲ್ಲಿ ತನಗೆ ತುತ್ತಾಗಬಲ್ಲ ಕಂಪ್ಯೂಟರ್‌ಗಳಲ್ಲಿ ಹೆಚ್ಚೂಕಡಿಮೆ ಶೇ 90ರಷ್ಟನ್ನು ಮುಟ್ಟಿತು. ಅದೂ ಏನನ್ನೂ ಕದಿಯಲಿಲ್ಲ. ತನ್ನ ನಕಲುಗಳಿಂದಲೇ ರಸ್ತೆ ತುಂಬಿಸಿತು.

ವ್ಯಾಕ್ಸಿನ್ ಸ್ಲಾಟ್, ಮದುವೆ ಕರೆಯೋಲೆ

ಈಗ ನಮ್ಮ ಕೈಯಲ್ಲಿರುವ ಫೋನ್‌ಗೆ ಬರೋಣ. 2021ರ ಏಪ್ರಿಲ್ ಕೊನೆ, ಮೇ ಮೊದಲ ವಾರ. 18 ದಾಟಿದವರಿಗೆ ಕೋವಿಡ್ ಲಸಿಕೆಯ ನೋಂದಣಿ ಆಗಷ್ಟೇ ತೆರೆದಿತ್ತು. ಬೆಂಗಳೂರಿನಲ್ಲಿ ಸ್ಲಾಟ್ ಹಿಡಿಯಲು ಹಗಲೂ ರಾತ್ರಿ ಕೋವಿನ್ ಪುಟವನ್ನೇ ನೋಡುತ್ತಾ ಕೂತಿದ್ದವರು ಎಷ್ಟು ಮಂದಿ! ಅದೇ ಹೊತ್ತಿಗೆ ದೇಶದಾದ್ಯಂತ ಒಂದು ಎಸ್ಸೆಮ್ಮೆಸ್ ಹರಿದಾಡಿತು: ಈ ಲಿಂಕ್‌ನಿಂದ ಆ್ಯಪ್ ಹಾಕಿಕೊಂಡರೆ ಲಸಿಕೆಗೆ ನೋಂದಾಯಿಸಬಹುದು ಎಂದು. ಆ್ಯಪ್ ಹಾಕಿಕೊಂಡರೆ ಕಾಂಟ್ಯಾಕ್ಟ್ ಮತ್ತು ಎಸ್ಸೆಮ್ಮೆಸ್ ಅನುಮತಿ ಕೇಳುತ್ತಿತ್ತು. ಕೊಟ್ಟ ಮೇಲೆ ನಿಮ್ಮ ಫೋನ್‌ಬುಕ್‌ನಲ್ಲಿದ್ದವರಿಗೆ ಅದೇ ಎಸ್ಸೆಮ್ಮೆಸ್ ನಿಮ್ಮ ನಂಬರಿನಿಂದಲೇ ಹೋಗುತ್ತಿತ್ತು. ಅಪ್ಪಟ ಹುಳು. ಸರ್ಟ್-ಇನ್ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು.

2024ರ ಕೊನೆಯಲ್ಲಿ ಹಲವು ರಾಜ್ಯಗಳ ಪೊಲೀಸರು ಎಚ್ಚರಿಸಿದ್ದು ಇದರ ಹೊಸ ಅವತಾರದ ಬಗ್ಗೆ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಎಂಬ ಹೆಸರಿನ ಫೈಲ್ ಬರುತ್ತದೆ. ಕೆಲವೊಮ್ಮೆ ಟ್ರಾಫಿಕ್ ಚಲನ್ ಎಂದೋ ಬ್ಯಾಂಕ್ ಕೆವೈಸಿ ಎಂದೋ ಹೆಸರು. ಒತ್ತಿದರೆ ಕರೆಯೋಲೆ ಬರುವುದಿಲ್ಲ, ಒಂದು ಆ್ಯಪ್ ಇನ್‌ಸ್ಟಾಲ್ ಆಗುತ್ತದೆ. ಅದು ಒಟಿಪಿಗಳನ್ನು ಓದುತ್ತದೆ. ಖದೀಮರು ನಿಮ್ಮ ವಾಟ್ಸಾಪ್ ಖಾತೆಯನ್ನೇ ಹಿಡಿದುಕೊಂಡರೆ ನಿಮ್ಮ ಗ್ರೂಪ್‌ಗಳಿಗೆ ಅದೇ ಕರೆಯೋಲೆ ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ಭಾವನ ನಂಬರಿನಿಂದ ಬಂದ ಕರೆಯೋಲೆಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಗುರುತು ಹಿಡಿಯುವುದು ಕಷ್ಟವಲ್ಲ. ಫೈಲ್ ಹೆಸರಿನ ಕೊನೆ ನೋಡಿ. ಚಿತ್ರ, ಪಿಡಿಎಫ್, ವಿಡಿಯೊ ಆಗಿದ್ದರೆ ಕರೆಯೋಲೆ ಇರಬಹುದು. ಚುಕ್ಕಿಯ ನಂತರ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಆ್ಯಪ್. ಯಾವ ಮದುವೆ ಮನೆಯವರೂ ಆ್ಯಪ್ ಕಳಿಸಿ ಊಟಕ್ಕೆ ಕರೆಯುವುದಿಲ್ಲ. ಕಳಿಸಿದವರಿಗೆ ಒಂದು ಫೋನ್ ಮಾಡಿ, ಮೆಸೇಜ್ ಅಲ್ಲ. ಅವರ ಖಾತೆ ಬೇರೆಯವರ ಕೈಯಲ್ಲಿದ್ದರೆ ಮೆಸೇಜಿಗೆ ಉತ್ತರ ಕೊಡುವವರೂ ಅವರೇ.

ಈಗಾಗಲೇ ಒತ್ತಿಬಿಟ್ಟಿದ್ದರೆ ಮೊದಲು ಹುಟ್ಟು ನಿಲ್ಲಿಸಬೇಕು. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆರಿಸಿ. ಬೇರೆಯವರ ಫೋನ್‌ನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ತಡೆಹಿಡಿಯಲು ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಆಮೇಲೆ ಫೋನನ್ನು ಸೇಫ್ ಮೋಡ್‌ನಲ್ಲಿ ತೆರೆದು ಆ ಆ್ಯಪ್ ತೆಗೆಯಿರಿ. ತೆಗೆಯಲು ಬಾರದಿದ್ದರೆ ಫೋಟೊಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಬೇಕಾಗಬಹುದು. ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಗೊತ್ತಿಲ್ಲದ ಸಾಧನ ಇದ್ದರೆ ಹೊರಹಾಕಿ.

ಪ್ರೋಗ್ರಾಂ ಇಲ್ಲದ ಹುಳು

ಈಗ ಮತ್ತೆ ‘ಡ್ಯಾನ್ಸ್ ಆಫ್ ದಿ ಹಿಲರಿ’ಗೆ. ಅದರಲ್ಲಿ ಎರಡು ಭಾಗಗಳಿವೆ. ಒಂದು, ಭಯ ಹುಟ್ಟಿಸುವ ಸುದ್ದಿ. ಇನ್ನೊಂದು, ‘ಎಲ್ಲರಿಗೂ ಕಳಿಸಿ’ ಎಂಬ ಆಜ್ಞೆ. ಆ ಎರಡನೆಯದು ಫೋರ್ಕ್. ಇಲ್ಲಿ ನಕಲು ಮಾಡುವ ಪ್ರಾಸೆಸರ್ ನಾವೇ. ಇದೂ ಹೊಸದಲ್ಲ: 1994ರಲ್ಲೇ ‘ಗುಡ್ ಟೈಮ್ಸ್’ ಎಂಬ ಇಮೇಲ್ ತೆರೆದರೆ ಕಂಪ್ಯೂಟರ್ ಹಾಳಾಗುತ್ತದೆ ಎಂಬ ಎಚ್ಚರಿಕೆ ಲೋಕವೆಲ್ಲ ಸುತ್ತಿತ್ತು. ಅಂಥ ವೈರಸ್ ಇರಲಿಲ್ಲ. ಆದರೆ ಎಚ್ಚರಿಕೆಯೇ ವೈರಸ್ ಮಾಡಬೇಕಾದ ಕೆಲಸ ಮಾಡಿತು.

ಫೋನ್ ಕೆಡುತ್ತದೆ ಎಂಬ ಸುಳ್ಳಿನಿಂದ ಹೆಚ್ಚೆಂದರೆ ನಾಲ್ಕು ಜನರ ಸಮಯ ಹಾಳು. ಎಲ್ಲ ಸುಳ್ಳುಗಳೂ ಹಾಗಿರುವುದಿಲ್ಲ ಎಂಬುದು ಬೆಂಗಳೂರಿಗೆ ಎರಡು ಬಾರಿ ಗೊತ್ತಾಗಿದೆ.

2012ರ ಆಗಸ್ಟ್. ಅಸ್ಸಾಂನ ಕೋಕ್ರಝಾರ್‌ನಲ್ಲಿ ನಡೆದ ಹಿಂಸಾಚಾರದ ನಂತರ, ಈಶಾನ್ಯ ರಾಜ್ಯಗಳ ಜನರ ಮೇಲೆ ಬೆಂಗಳೂರಿನಲ್ಲಿ ದಾಳಿ ಆಗಲಿದೆ ಎಂಬ ಎಸ್ಸೆಮ್ಮೆಸ್, ಎಮ್ಮೆಮ್ಮೆಸ್‌ಗಳು ಹಬ್ಬಿದವು. ಆಗಸ್ಟ್ 15ರ ಸಂಜೆಯಿಂದ ಸಿಟಿ ರೈಲು ನಿಲ್ದಾಣದಲ್ಲಿ ಜನ ಸೇರತೊಡಗಿದರು. ಸೆಕ್ಯೂರಿಟಿ ಗಾರ್ಡ್‌ಗಳು, ಬ್ಯೂಟಿ ಪಾರ್ಲರ್ ಕೆಲಸದವರು, ವಿದ್ಯಾರ್ಥಿಗಳು, ಸಾವಿರಾರು ಜನ ಕೈಗೆ ಸಿಕ್ಕಿದ ಬ್ಯಾಗ್ ಹಿಡಿದು ಹೊರಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆ ಸಂದೇಶಗಳನ್ನು ಕಳಿಸಿದವರಲ್ಲಿ ಹೆಚ್ಚಿನವರು ತಮ್ಮ ತಮ್ಮಂದಿರ, ಗೆಳತಿಯರ ಜೀವ ಉಳಿಸಲೆಂದೇ ಕಳಿಸಿರುತ್ತಾರೆ ಎಂಬುದು ನಮ್ಮ ಎಣಿಕೆ. ಆಗಸ್ಟ್ 17ರಂದು ಕೇಂದ್ರ ಸರ್ಕಾರ ದೇಶದಾದ್ಯಂತ 15 ದಿನಗಳ ಕಾಲ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಒಟ್ಟಿಗೆ ಕಳಿಸದಂತೆ ನಿರ್ಬಂಧ ಹಾಕಿತು. ಕೆಲವೇ ದಿನಗಳಲ್ಲಿ ಅದನ್ನು 20ಕ್ಕೆ ಏರಿಸಲಾಯಿತು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನಿಮಗೂ ನೆನಪಿರಬಹುದು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ಬಿಟ್ಟು ಸಂದೇಶದ ಫಲಕ ತೋರಿಸುತ್ತಾರೆ. ಆ ತುಣುಕನ್ನೇ ಯಾರೋ ಕತ್ತರಿಸಿ ತೆಗೆದಿದ್ದರು. ಮೇ 23ರಂದು, ವಿಜಯನಗರದಿಂದ ಹೆಚ್ಚು ದೂರವಿಲ್ಲದ ಚಾಮರಾಜಪೇಟೆಯ ಪೆನ್ಷನ್ ಮೊಹಲ್ಲಾದಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳ ಎಂದು ಗುಂಪೊಂದು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದ್‌ನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರು. ಆದರೆ ವಾಟ್ಸಾಪ್ ಸಂದೇಶ ಕಾರಿಗಿಂತ ಮೊದಲು ಮುರ್ಕಿ ಗ್ರಾಮ ತಲುಪಿತ್ತು, ಅಲ್ಲಿ ರಸ್ತೆ ಅಡ್ಡಗಟ್ಟಿದ್ದರು. ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ತಡೆಯಲು ಹೋದ ಪೊಲೀಸರಿಗೂ ಗಾಯಗಳಾದವು.

ಐದು ಎಂಬ ಸಂಖ್ಯೆ

ಆ ವರ್ಷ ದೇಶದ ಹಲವೆಡೆ ಇಂಥ ಕೊಲೆಗಳು ನಡೆದಿದ್ದವು. ಮುರ್ಕಿಯ ಘಟನೆಯಾಗಿ ಸುಮಾರು ಒಂದು ವಾರಕ್ಕೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂದು ವಾಟ್ಸಾಪ್ ಮಿತಿ ಹಾಕುವುದಾಗಿ ಪ್ರಕಟಿಸಿತು. 2019ರ ಜನವರಿಯಲ್ಲಿ ಅದೇ ಮಿತಿ ಇಡೀ ಜಗತ್ತಿಗೆ ಬಂತು. ಸುದ್ದಿ ನಿಜವೋ ಸುಳ್ಳೋ ಎಂದು ಇದೂ ನೋಡುವುದಿಲ್ಲ. ವಾಟ್ಸಾಪ್ ಸಂದೇಶಗಳು ಎನ್‌ಕ್ರಿಪ್ಟ್ ಆಗಿರುವುದರಿಂದ ಒಳಗೇನಿದೆ ಎಂದು ಕಂಪನಿಗೂ ಕಾಣುವುದಿಲ್ಲ. ಲಿನಕ್ಸ್ ಅಡ್ಮಿನ್ ಬರೆದಿಡುವ ಆ ಒಂದು ಸಾಲಿನ ಹಾಗೆ, ಎಣಿಸುತ್ತದೆ ಅಷ್ಟೆ.

ಐದಕ್ಕೆ ನಿಲ್ಲಿಸಿದರೆ ಸಾಕೇ? ಲೆಕ್ಕ ಹಾಕಿ ನೋಡೋಣ. ಒಬ್ಬರು ಐವರಿಗೆ, ಆ ಐವರು ತಲಾ ಐವರಿಗೆ ಕಳಿಸುತ್ತಾ ಹೋದರೆ ಒಂಬತ್ತನೇ ಹೆಜ್ಜೆಯಲ್ಲಿ ಸುಮಾರು 19.5 ಲಕ್ಷ, ಹತ್ತನೆಯದರಲ್ಲಿ ಸುಮಾರು 97.6 ಲಕ್ಷ. ಇಡೀ ಬೆಂಗಳೂರಿನ ಹತ್ತಿರಕ್ಕೆ ಬಂತು. ಇದು ವ್ಯಕ್ತಿಗಳಿಗೆ ಕಳಿಸಿದ ಲೆಕ್ಕ. ಆಗ ಒಂದು ಗ್ರೂಪ್‌ನಲ್ಲಿ 256 ಜನ ಇರಬಹುದಿತ್ತು. ಐದು ತುಂಬಿದ ಗ್ರೂಪ್‌ಗಳಿಗೆ ಹಾಕಿದರೆ ಒಂದೇ ಹೆಜ್ಜೆಗೆ 1,280. ಅವರೆಲ್ಲರೂ ಹಾಗೇ ಮಾಡಿದರೆ ಎರಡನೇ ಹೆಜ್ಜೆಗೇ 16 ಲಕ್ಷ ದಾಟುತ್ತದೆ. ಎಲ್ಲರೂ ಫಾರ್ವರ್ಡ್ ಮಾಡುವುದಿಲ್ಲ, ಒಬ್ಬರೇ ನಾಲ್ಕು ಗ್ರೂಪ್‌ಗಳಲ್ಲಿರುತ್ತಾರೆ. ಹಾಗಾಗಿ ನಿಜ ಸಂಖ್ಯೆ ಬಹಳ ಕಡಿಮೆ. ಆದರೂ ಐದು ಎಂಬ ಮಿತಿ ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಲ್ಲಬೇಕಾದರೆ ಪ್ರತಿಯೊಬ್ಬರಿಂದ ಮುಂದಕ್ಕೆ ಹೋಗುವ ನಕಲು ಸರಾಸರಿ ಒಂದಕ್ಕಿಂತ ಕೆಳಗಿಳಿಯಬೇಕು. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ದಿನಾ ಕೇಳಿದ ‘ಆರ್’ ಸಂಖ್ಯೆಯೂ ಇದೇ.

ಬಹುಶಃ ಅದಕ್ಕೇ 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್ ಇನ್ನೊಂದು ಹೆಜ್ಜೆ ಇಟ್ಟಿತು. ಐದು ಅಥವಾ ಹೆಚ್ಚು ಬಾರಿ ಕೈ ಬದಲಾಯಿಸಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಈ ಬದಲಾವಣೆಯಿಂದ ಹೀಗೆ ಹಲವು ಕೈ ದಾಟಿದ ಫಾರ್ವರ್ಡ್‌ಗಳು ಶೇ 70ರಷ್ಟು ಇಳಿದವು ಎಂದು ಕಂಪನಿ ಅದೇ ತಿಂಗಳು ಹೇಳಿತು. ಅಪ್ಪ ‘ನನಗೆ ಒಬ್ಬರಿಗೇ ಕಳಿಸೋಕೆ ಬಿಡ್ತಿದೆ, ಫೋನ್ ಕೆಟ್ಟಿದೆಯಾ ನೋಡು’ ಎಂದು ನಿಮ್ಮ ಕೈಗೆ ಮೊಬೈಲ್ ಕೊಟ್ಟರೆ, ಫೋನ್ ಸರಿಯಾಗಿಯೇ ಇದೆ. ಆ ಸಂದೇಶಕ್ಕೆ ಎರಡು ಬಾಣ ಬಿದ್ದಿದೆ, ಅಷ್ಟೇ.

ಈ ಬೇಲಿಯಲ್ಲೂ ಕಿಂಡಿಗಳಿವೆ. ಸಂದೇಶವನ್ನು ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಬಾಣದ ಗುರುತು ಹೋಗುತ್ತದೆ, ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಸ್ಕ್ರೀನ್‌ಶಾಟ್ ತೆಗೆದು ಹಾಕಿದರೂ ಅಷ್ಟೇ. ಜೊತೆಗೆ ‘ಒಂದು ಚಾಟ್’ ಎಂದರೆ ಒಬ್ಬ ವ್ಯಕ್ತಿಯೇ ಆಗಬೇಕಿಲ್ಲ, ಗ್ರೂಪ್ ಕೂಡ ಲೆಕ್ಕದಲ್ಲಿ ಒಂದೇ ಚಾಟ್. 2018ರಲ್ಲಿ 256 ಇದ್ದ ಗ್ರೂಪ್ ಸದಸ್ಯರ ಮಿತಿಯನ್ನು 2022ರಲ್ಲಿ ವಾಟ್ಸಾಪ್ 1,024ಕ್ಕೆ ಏರಿಸಿದೆ.